ಫ್ರೀಲಾನ್ಸ್ ದುಡಿಮೆಯಲ್ಲಿ ಬಳಲಿದವರು ಸ್ವಂತ ಡಿಸೈನ್ ಉದ್ಯಮಕ್ಕೆ ಮರಳುವುದು ಹೇಗೆ? ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಮನೆಗಳಲ್ಲಿ ಕೂತು ಬೆಂಗಳೂರು, ಕೊಚ್ಚಿ, ಗಲ್ಫ್‌ನ ಏಜೆನ್ಸಿಗಳಿಗೆ ಪೋಸ್ಟರ್, ಲೋಗೊ, ವಿಡಿಯೊ ಮಾಡಿಕೊಡುವ ಕಲಾವಿದರು ಬೇಕಾದಷ್ಟಿದ್ದಾರೆ. ಇವರಲ್ಲಿ ಹಲವರು ಹಿಂದೊಮ್ಮೆ ಪೇಟೆಯಲ್ಲಿ ಸ್ವಂತ ಡಿಸೈನ್ ಅಂಗಡಿ ಇಟ್ಟವರು. ಅದು ನಡೆಯದೆ ಹೋದಾಗ ತಿಂಗಳ ಖರ್ಚಿಗೆಂದು ಫ್ರೀಲಾನ್ಸ್ ಹಿಡಿದರು. ಈಗ ರಾತ್ರಿ ಹನ್ನೆರಡಕ್ಕೂ ‘ಒಂದು ಚಿಕ್ಕ ಚೇಂಜ್’ ಎಂಬ ಸಂದೇಶ ಬರುತ್ತದೆ, ಹಣ ಮಾತ್ರ ಮೂರು ತಿಂಗಳಾದರೂ ಬರುವುದಿಲ್ಲ. ಸ್ವಂತದ್ದನ್ನು ಮತ್ತೆ ಶುರುಮಾಡಬೇಕು ಅನಿಸಿದವರಿಗಾಗಿ ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಿಮ್ಮನ್ನು ಹಿಂಡಿಹಾಕಿದ್ದು ಕೆಲಸವಲ್ಲ, ಕೆಲಸದ ಷರತ್ತುಗಳು. ಮಿತಿಯಿಲ್ಲದ ತಿದ್ದುಪಡಿ, ಮುಂಗಡವಿಲ್ಲದ ಒಪ್ಪಂದ, ಬೇರೆಯವರ ಗಡಿಯಾರ. ಇವೇ ಷರತ್ತುಗಳನ್ನು ಸ್ವಂತ ಅಂಗಡಿಗೂ ತಂದರೆ ಬೋರ್ಡು ಮಾತ್ರ ಹೊಸತಾಗುತ್ತದೆ. ಹಾಗಾಗಿ ಷರತ್ತು ಬದಲಾಯಿಸುವುದು ಮೊದಲು, ಕೆಲಸ ಬಿಡುವುದು ಆಮೇಲೆ.

1. ಎರಡು ವಾರದ ಪುಸ್ತಕ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ (ದುಡಿಮೆಯ ಬಳಲಿಕೆಗೆ) ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತಿದಂತಾಗುವುದು, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ದೂರ, ಮತ್ತು ‘ನನ್ನಿಂದ ಸರಿಯಾಗಿ ಆಗುತ್ತಿಲ್ಲ’ ಎಂಬ ಭಾವ. ಇದನ್ನು ಅದು ಕಾಯಿಲೆ ಎನ್ನಲಿಲ್ಲ, ದುಡಿಮೆಯ ಸ್ಥಳದಲ್ಲಿ ದೀರ್ಘಕಾಲ ನಿಭಾಯಿಸಲಾಗದೆ ಉಳಿದ ಒತ್ತಡದ ಪರಿಣಾಮ ಎಂದಿತು. ಅಂದರೆ ಕಾರಣವನ್ನು ದುಡಿಮೆಯಲ್ಲೇ ಹುಡುಕಬೇಕು.

ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ಪ್ರತಿದಿನ ನಾಲ್ಕು ಕಾಲಂ ತುಂಬಿಸಿ: ಯಾರ ಕೆಲಸ, ಎಷ್ಟು ಹೊತ್ತು, ಎಷ್ಟು ಹಣ, ಯಾವ ಬಗೆ. ಬಗೆ ಎಂದರೆ ಮೂರೇ: ರಚನೆ, ತಿದ್ದುಪಡಿ, ಮತ್ತು ಕಾಯುತ್ತ ಹಣಕ್ಕೆ ಬೆನ್ನುಹತ್ತುವುದು. ಎರಡನೆಯದೂ ಮೂರನೆಯದೂ ಸೇರಿ ಅರ್ಧಕ್ಕಿಂತ ಹೆಚ್ಚಾದರೆ ತೊಂದರೆ ಷರತ್ತಿನದ್ದು. ಸ್ವಂತ ಉದ್ಯಮದಲ್ಲಿ ಅದನ್ನು ಸರಿಪಡಿಸಬಹುದು. ರಚನೆಯೇ ಹೆಚ್ಚಿದ್ದು, ಆದರೂ ಬಳಲಿಕೆ ಇದ್ದರೆ ದರ ತೀರಾ ಕಡಿಮೆ ಎಂದರ್ಥ. ತಿಂಗಳ ಖರ್ಚು ಹುಟ್ಟಿಸಲು ಅತಿಯಾಗಿ ದುಡಿಯುತ್ತಿದ್ದೀರಿ.

ನಿದ್ದೆ, ಊಟ ಕೆಟ್ಟು ನಿಮಗಾಗಿ ಗೆರೆ ಎಳೆಯಲೂ ಮನಸ್ಸು ಬಾರದಿದ್ದರೆ ಉದ್ಯಮದ ಮಾತು ಬದಿಗಿಟ್ಟು ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ನಿದ್ದೆಗೆಟ್ಟ ತಲೆಯಲ್ಲಿ ಸಾಲದ ಅರ್ಜಿಗೆ ಸಹಿ ಹಾಕಬೇಡಿ.

2. ಹಳೆಯದನ್ನು ಕಟ್ಟಿ ಮುಗಿಸುವುದು

ಪುಸ್ತಕದ ಲೆಕ್ಕದಿಂದ ಪ್ರತಿ ಕ್ಲೈಂಟ್ ಗಂಟೆಗೆ ಎಷ್ಟು ಕೊಡುತ್ತಾರೆಂದು ತೆಗೆಯಿರಿ. ಪಟ್ಟಿಯ ಕೊನೆಯವರನ್ನು ಈ ತಿಂಗಳೇ ಬಿಡಿ, ಮಧ್ಯದವರಿಗೆ ಹೊಸ ದರ ಹೇಳಿ, ಸಕಾಲಕ್ಕೆ ಹಣ ಕೊಡುವ ಒಬ್ಬರನ್ನು ಮಾತ್ರ ಬದಲಾವಣೆಯ ಕಾಲಕ್ಕೆ ಉಳಿಸಿಕೊಳ್ಳಿ. ಅವರಿಗೂ ತಿಂಗಳಿಗೆ 40 ಗಂಟೆ ಎಂಬ ಮಿತಿ ಇರಲಿ. ಬಿಡುವ ಪತ್ರ ಚಿಕ್ಕದಾಗಿರಲಿ: ‘ಈ ತಿಂಗಳ 30ರವರೆಗೆ ಒಪ್ಪಿಕೊಂಡ ಕೆಲಸ ಮುಗಿಸಿಕೊಡುತ್ತೇನೆ. ಹೊಸ ಕೆಲಸ ತೆಗೆದುಕೊಳ್ಳುವುದಿಲ್ಲ. ಬಾಕಿಯ ವಿವರ ಲಗತ್ತಿಸಿದೆ.’ ಕಾರಣ ವಿವರಿಸಲು ಹೋದರೆ ಮಾತುಕತೆ ಶುರುವಾಗುತ್ತದೆ, ಮಾತುಕತೆಯಲ್ಲಿ ಇನ್ನೊಂದು ಪ್ರಾಜೆಕ್ಟು ತಲೆಗೆ ಬೀಳುತ್ತದೆ.

ಬಾಕಿ ವಸೂಲಿಗೆ ಕಾನೂನಿನ ಬಲವಿದೆ. ಸರಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಸಣ್ಣ ಉದ್ಯಮಿಗೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯಿದೆಯ ಪ್ರಕಾರ ಹಣ 45 ದಿನದೊಳಗೆ ಸಿಗಬೇಕು. ಅವಧಿಯ ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ದೂರು ಕೊಡಲು ಸರಕಾರದ ಆನ್‌ಲೈನ್ ಪೋರ್ಟಲ್ ಇದೆ. ಕೆಲಸ ಒಪ್ಪಿಸುವ ಮೊದಲೇ ನೋಂದಣಿ ಆಗಿದ್ದರೆ ಮಾತ್ರ ಈ ವಾದ ಗಟ್ಟಿ ನಿಲ್ಲುತ್ತದೆ. ಇನ್ನೂ ಮಾಡಿಲ್ಲದವರು ಇವತ್ತೇ ಮಾಡಿ: ಆಧಾರ್, ಪ್ಯಾನ್ ಸಾಕು, ಶುಲ್ಕವಿಲ್ಲ. ಹಣ ಕೇಳುವ ಜಾಲತಾಣಗಳು ಸರಕಾರದ್ದಲ್ಲ. ಹಳೆಯ ಅಂಗಡಿಯ ಹೆಸರಲ್ಲಿ ಉದ್ಯಮ್ ಇದ್ದರೆ ಹೊಸತು ಬೇಡ, ಅದನ್ನೇ ತಿದ್ದಿ. ಒಂದು ಉದ್ಯಮಕ್ಕೆ ಒಂದೇ ನೋಂದಣಿ.

ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ) ಕೂಡ ನಿಮ್ಮದೇ ಹಣ. ವೃತ್ತಿ ಶುಲ್ಕದಿಂದ ಕಂಪನಿಗಳು ಸಾಮಾನ್ಯವಾಗಿ 10% ಹಿಡಿಯುತ್ತವೆ. ವರ್ಷಕ್ಕೆ 4 ಲಕ್ಷ ಬಿಲ್ ಮಾಡಿದವರದ್ದು ಹೀಗೆ 40,000 ರೂ. ಸರಕಾರದ ಬಳಿ ಇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ತೆರಿಗೆಯೋಗ್ಯ ಆದಾಯಕ್ಕೆ ರಿಬೇಟ್ (ತೆರಿಗೆ ರಿಯಾಯಿತಿ) ಇರುವುದರಿಂದ ಇಷ್ಟೂ ವಾಪಸ್ ಬರಬಹುದು. ಆದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಹೊಸ ಉದ್ಯಮದ ಮೊದಲ ಬಂಡವಾಳ ಹಲವರಿಗೆ ಇಲ್ಲೇ ಸಿಗುತ್ತದೆ.

ಹಳೆಯ ಕೆಲಸಗಳನ್ನು ಹೊಸ ಮಾದರಿ ಪುಸ್ತಕದಲ್ಲಿ ಹಾಕಬಹುದೇ? ಸಂಬಳದ ನೌಕರನಾಗಿ ಮಾಡಿದ್ದರ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಪನಿಯದ್ದು. ಫ್ರೀಲಾನ್ಸ್ ರಚನೆಯ ಹಕ್ಕನ್ನು ಬರವಣಿಗೆಯಲ್ಲಿ ವರ್ಗಾಯಿಸದಿದ್ದರೆ ಅದು ಸಾಮಾನ್ಯವಾಗಿ ನಿಮ್ಮದೇ. ಇಲ್ಲೊಂದು ಅಪವಾದವಿದೆ: ಹಣ ಕೊಟ್ಟು ಮಾಡಿಸಿಕೊಂಡ ಫೋಟೊ, ವರ್ಣಚಿತ್ರ, ಭಾವಚಿತ್ರ, ಚಲನಚಿತ್ರಗಳ ಹಕ್ಕು ಮಾಡಿಸಿಕೊಂಡವರಿಗೆ ಹೋಗುತ್ತದೆ. 1957ರ ಕಾಪಿರೈಟ್ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ, ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಹಳೆಯ ಒಪ್ಪಂದಗಳನ್ನು ಒಮ್ಮೆ ತೆರೆದು ಓದಿ; ನಿಮ್ಮ ಒಳ್ಳೆಯ ಚಿತ್ರಗಳು ನಿಮಗೇ ಮರಳಿರಬಹುದು.

3. ಎಷ್ಟು ಹಣ ಇದ್ದರೆ ಬಿಡಬಹುದು

ಒಂದು ಉದಾಹರಣೆ ಹಾಕೋಣ. ಮನೆ ಖರ್ಚು 24,000, ಸಾಲದ ಕಂತು 6,000, ಇಂಟರ್ನೆಟ್, ವಿದ್ಯುತ್, ಸಾಫ್ಟ್‌ವೇರ್ 5,000, ಯಂತ್ರ ಹಳತಾಗುವುದಕ್ಕೆ ಮೀಸಲು 3,000. ಒಟ್ಟು ತಿಂಗಳಿಗೆ 38,000 ರೂ. ಮನೆ ಖರ್ಚು, ಕಂತು ಸೇರಿ 30,000ದ ಆರು ಪಟ್ಟು, ಅಂದರೆ 1,80,000 ರೂ. ಬೇರೆಯದೇ ಖಾತೆಯಲ್ಲಿ ಇರಬೇಕು. ಶುರುವಿನ ಸರಕಿಗೆ 35,000ಕ್ಕಿಂತ ಹೆಚ್ಚು ಹಾಕಬೇಡಿ.

ಆರು ತಿಂಗಳೇ ಏಕೆ ಎಂದರೆ, ನಮ್ಮ ಊರಿನ ದುಡಿಮೆಗೆ ಋತುಮಾನವಿದೆ. ಮೇ ಕೊನೆಯಲ್ಲಿ ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳ ತಿರುಗಾಟ, ಕೋಲ, ನೇಮ ಎಲ್ಲ ನಿಲ್ಲುತ್ತವೆ. ಮಳೆ ಹಿಡಿಯುತ್ತದೆ. ತುಳು ತಿಂಗಳು ಆಟಿಯಲ್ಲಿ ಮದುವೆಯಿಲ್ಲ. ಆಮಂತ್ರಣ, ಪೋಸ್ಟರ್, ಬ್ರಹ್ಮಕಲಶದ ಸ್ಮರಣಸಂಚಿಕೆಯ ಕೆಲಸ ನವೆಂಬರಿನಿಂದ ಏರಿ ಏಪ್ರಿಲ್‌ನಲ್ಲಿ ತುದಿ ಮುಟ್ಟುತ್ತದೆ. ಆದ್ದರಿಂದ ಫ್ರೀಲಾನ್ಸ್ ಗಳಿಕೆಯಿರುವಾಗಲೇ ಜೂನ್, ಜುಲೈಯಲ್ಲಿ ಮಾದರಿ ಮತ್ತು ದರಪಟ್ಟಿ ತಯಾರಿಸಿ, ಚೌತಿ, ಓಣಂ ಹೊತ್ತಿಗೆ ಮಾರಿ ನೋಡಿ, ಅಕ್ಟೋಬರ್ ಕೊನೆಗೆ ಪೂರ್ತಿ ಹೊರಬರುವುದು ಅನುಕೂಲ. ಏಪ್ರಿಲ್‌ನ ಗಿಜಿಗಿಜಿ ನೋಡಿ ಉತ್ಸಾಹದಿಂದ ಮೇಯಲ್ಲಿ ಬಿಟ್ಟವರಿಗೆ ಆಟಿಯಲ್ಲಿ ಮತ್ತೆ ಏಜೆನ್ಸಿಗೆ ಫೋನು ಮಾಡುವ ಪರಿಸ್ಥಿತಿ ಬರುತ್ತದೆ.

4. ಒಂದು ಸೇವೆ, ಒಂದು ವಸ್ತು, ಮತ್ತು ಅವುಗಳ ದರ

‘ಎಲ್ಲ ಬಗೆಯ ಡಿಸೈನ್ ಮಾಡಿಕೊಡಲಾಗುವುದು’ ಎಂಬ ಬೋರ್ಡು ಬೇಡ. ಕಾಸರಗೋಡಿನಲ್ಲಿ ಬೇರೆಡೆ ಸುಲಭಕ್ಕೆ ಸಿಗದ ಒಂದು ಕೌಶಲಕ್ಕೆ ಬೆಲೆಯಿದೆ: ಕನ್ನಡ, ಮಲಯಾಳ ಎರಡೂ ಲಿಪಿ ಒಂದೇ ಹಾಳೆಯಲ್ಲಿ ಹದವಾಗಿ ಕೂರುವ ವಿನ್ಯಾಸ. ಅಂಗಡಿ ಬೋರ್ಡು, ಸಹಕಾರಿ ಬ್ಯಾಂಕಿನ ಕರಪತ್ರ, ಶಾಲಾ ವಾರ್ಷಿಕೋತ್ಸವ, ಮದುವೆ ಪತ್ರಿಕೆ, ಎಲ್ಲಕ್ಕೂ ಇದು ಬೇಕು. ಬಲೂ ತಮ್ಮ, ತಿರೋ ಕನ್ನಡ, ನೋಟೊ ಕನ್ನಡ, ಮಲಯಾಳದ ಮಂಜರಿ ಮುಂತಾದ ಮುಕ್ತ ಪರವಾನಗಿಯ ಫಾಂಟುಗಳನ್ನು ವ್ಯಾಪಾರಕ್ಕೂ ಬಳಸಬಹುದು. ತುಳು-ತಿಗಳಾರಿ ಲಿಪಿಯೂ 2024ರಲ್ಲಿ ಯುನಿಕೋಡ್ ಸೇರಿದೆ. ತುಳು ಬೋರ್ಡು, ಶೀರ್ಷಿಕೆಗಳ ಕೆಲಸಕ್ಕೆ ಈಗಲೇ ಕೈ ಪಳಗಿಸಿಕೊಳ್ಳಿ.

ಗಂಟೆಯ ದರ ಹೀಗೆ ತೆಗೆಯಿರಿ. ತಿಂಗಳಿಗೆ 24 ದಿನ, ದಿನಕ್ಕೆ 7 ಗಂಟೆಯಂತೆ 168 ಗಂಟೆ. ಇದರಲ್ಲಿ ಬಿಲ್ ಮಾಡಬಹುದಾದ್ದು 95 ಮಾತ್ರ ಎಂದಿಟ್ಟುಕೊಳ್ಳಿ. ಉಳಿದದ್ದು ಮಾತುಕತೆ, ಓಡಾಟ, ಲೆಕ್ಕಪತ್ರಕ್ಕೆ ಹೋಗುತ್ತದೆ. 38,000 ಭಾಗಿಸು 95 ಎಂದರೆ 400. ಮಳೆಗಾಲದ ಕೊರತೆಗೆ 20% ಸೇರಿಸಿ 480. ಸುಲಭಕ್ಕೆ 500 ಎನ್ನಿ. ಆಮಂತ್ರಣಕ್ಕೆ ಮಾತುಕತೆ 1 ಗಂಟೆ, ಟೈಪಿಂಗ್ ಮತ್ತು ಕರಡು ತಿದ್ದುವುದು 2, ವಿನ್ಯಾಸ 4, ತಿದ್ದುಪಡಿ ಒಂದೂವರೆ, ಪ್ರೆಸ್ಸಿಗೆ ಫೈಲು ಅರ್ಧ. ಒಟ್ಟು 9 ಗಂಟೆ, 4,500 ರೂ. ‘ಪೇಟೆಯಲ್ಲಿ 1,500ಕ್ಕೆ ಮಾಡಿಕೊಡುತ್ತಾರಲ್ಲ’ ಎಂದು ಗಿರಾಕಿ ಕೇಳಿಯೇ ಕೇಳುತ್ತಾರೆ. 1,500ಕ್ಕೂ ಒಂದು ಆಯ್ಕೆ ಇಡಿ, ಆದರೆ ಸಿದ್ಧ ಚೌಕಟ್ಟಿನಲ್ಲಿ ಹೆಸರು ತುಂಬಿಸಿ ಮೂರು ಗಂಟೆಯೊಳಗೆ ಮುಗಿಯುವ ಹಾಗೆ. 4,500ರ ಕೆಲಸವನ್ನು 1,500ಕ್ಕೆ ಮಾಡಲು ಶುರುಮಾಡಿದರೆ ಏಜೆನ್ಸಿಯ ಜೀತ ಮನೆಗೇ ಬಂದಂತೆ.

ವಸ್ತುವಿಗೆ ಪೋಸ್ಟ್‌ಕಾರ್ಡ್ ಕಟ್ಟು ಒಳ್ಳೆಯ ಆರಂಭ. 13×19 ಇಂಚಿನ ಡಿಜಿಟಲ್ ಶೀಟಿನಲ್ಲಿ ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಹೆಚ್ಚುವರಿ ಅಂಚು) ಸೇರಿಸಿಯೂ ಎ6 ಅಳತೆಯ 8 ಕಾರ್ಡು ಕೂರುತ್ತವೆ: ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಎಂಟು ಬೇರೆ ಬೇರೆ ಚಿತ್ರ ಇಟ್ಟರೆ ಒಂದು ಶೀಟೇ ಒಂದು ಕಟ್ಟು. ಮುದ್ರಣ, ಕತ್ತರಿಸುವುದಕ್ಕೆ 60 ರೂ., ಸುತ್ತುಪಟ್ಟಿ 15, ಕವರು 10 ಆದರೆ 85. ಹಾಳಾಗುವ 10% ಸೇರಿ ಸುಮಾರು 93. ಕಟ್ಟಲು ನಿಮ್ಮ ಆರು ನಿಮಿಷಕ್ಕೆ 50. ಒಟ್ಟು 143. ಅಂಗಡಿಯವರು 30% ಕಮಿಷನ್ ಹಿಡಿದರೆ, 250ಕ್ಕೆ ಮಾರಿದಾಗ ಉಳಿಯುವುದು 32 ರೂ. ಮಾತ್ರ, 300ಕ್ಕೆ ಮಾರಿದರೆ 67. ಚಿತ್ರ ಬರೆದ ಸಮಯವೂ ಹುಟ್ಟಬೇಕಾದ್ದರಿಂದ 300ಕ್ಕಿಂತ ಇಳಿಯಬೇಡಿ. ಮೊದಲ ಸಲ 50 ಕಟ್ಟು ಸಾಕು. ಮಳೆಗಾಲಕ್ಕೆ ದಾಸ್ತಾನು ಉಳಿದರೆ ಕಾಗದ ತೇವ ಹೀರಿ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬದಲ್ಲಿಡಿ.

ತೆಯ್ಯಂ, ಭೂತಗಳ ಚಿತ್ರ ಮಾರುವ ಮೊದಲು ಆ ತರವಾಡು ಅಥವಾ ಗುತ್ತಿನ ಮನೆತನದವರನ್ನು, ವೇಷ ಕಟ್ಟುವ ಕಲಾವಿದರನ್ನು ಕೇಳಿ. ಅದು ಅವರಿಗೆ ದೈವ, ಅಲಂಕಾರದ ವಸ್ತುವಲ್ಲ. ಒಪ್ಪದಿದ್ದರೆ ಬೇಕಲ ಕೋಟೆ, ಅನಂತಪುರದ ಕೆರೆ, ಅಡಿಕೆ ತೋಟ ಇದ್ದೇ ಇವೆ.

5. ಪ್ರೆಸ್ಸಿಗೆ ಹೋಗುವ ಫೈಲು

ಅತಿ ಹೆಚ್ಚು ಹಣ ಹಾಳಾಗುವ ಜಾಗವಿದು. ಫೈಲು ಸಿಎಂವೈಕೆಯಲ್ಲಿ (ಮುದ್ರಣದ ನಾಲ್ಕು ಬಣ್ಣಗಳ ಪದ್ಧತಿ), ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ), ನಾಲ್ಕೂ ಬದಿ 3 ಮಿ.ಮೀ. ಬ್ಲೀಡ್, ಅಕ್ಷರಗಳು ಕತ್ತರಿಸುವ ಗೆರೆಯಿಂದ ಕನಿಷ್ಠ 5 ಮಿ.ಮೀ. ಒಳಗೆ. ಸಣ್ಣ ಅಕ್ಷರಗಳ ಕಪ್ಪು ಬರೀ ಕೆ 100, ಅಂದರೆ ಕಪ್ಪು ಶಾಯಿ ಮಾತ್ರ ಇರಲಿ. ನಾಲ್ಕು ಬಣ್ಣ ಬೆರೆತ ಕಪ್ಪಾದರೆ ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ.

ಕನ್ನಡಕ್ಕೆ ಇನ್ನೂ ಒಂದು ಗಂಡಾಂತರ. ನೀವು ಯುನಿಕೋಡ್‌ನಲ್ಲಿ ಟೈಪ್ ಮಾಡಿ ತೆರೆದ ಫೈಲು ಕಳಿಸುತ್ತೀರಿ, ಪ್ರೆಸ್ಸಿನ ಹಳೆಯ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗುತ್ತದೆ. ಗಿರಾಕಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಕೊಟ್ಟದ್ದನ್ನು ಯುನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪುವುದೂ ಉಂಟು: ‘ಸೂರ್ಯ’, ‘ಕಾರ್ತಿಕ’, ‘ಪೂರ್ಣಿಮಾ’ ಇಂಥ ಪದಗಳನ್ನು ಒಂದೊಂದಾಗಿ ನೋಡಿ. ಕೊನೆಗೆ ಎಲ್ಲ ಅಕ್ಷರಗಳನ್ನೂ ಔಟ್‌ಲೈನ್ ಮಾಡಿ (ಫಾಂಟಿನ ಹಂಗಿಲ್ಲದ ಆಕಾರಗಳಾಗಿಸಿ) ಪಿಡಿಎಫ್ ಕೊಡಿ, ತಿದ್ದಬಹುದಾದ ಮೂಲ ಫೈಲು ನಿಮ್ಮಲ್ಲಿರಲಿ. ಆಮಂತ್ರಣದಲ್ಲಿ ವಾರ, ತಾರೀಕು, ಸೌರಮಾಸದ ದಿನ ಮೂರನ್ನೂ ಪಂಚಾಂಗ ತೆರೆದು ತಾಳೆ ನೋಡಿ. 500 ಪ್ರತಿ ಅಚ್ಚಾದ ಮೇಲೆ ‘ಆದಿತ್ಯವಾರ’ ತಪ್ಪೆಂದು ಗೊತ್ತಾದರೆ ಇಡೀ ಲಾಭ ಹೋಯಿತು.

6. ತಲಪಾಡಿ ದಾಟುವ ಮಾರಾಟ

ಗಡಿನಾಡಿನವರು ಎಚ್ಚರ ತಪ್ಪುವುದು ಇಲ್ಲಿ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿ.ಮೀ., ನಮಗದು ಪಕ್ಕದ ಪೇಟೆ. ಜಿಎಸ್‌ಟಿಗೆ ಅದು ಬೇರೆ ರಾಜ್ಯ.

ಸೇವೆಗೆ ಗಡಿಯ ತೊಂದರೆಯಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಕರ್ನಾಟಕದ ಗಿರಾಕಿಗೂ ನೋಂದಣಿಯಿಲ್ಲದೆ ಡಿಸೈನ್ ಮಾಡಿಕೊಡಬಹುದು. ಸರಕಿನ ನಿಯಮ ಬೇರೆ. ಬರೀ ಸರಕು ಮಾರುವವರಿಗೆ ಕೇರಳದೊಳಗೆ 40 ಲಕ್ಷದವರೆಗೆ ವಿನಾಯಿತಿಯಿದೆ (ಸೇವೆಯೂ ಸೇರಿದರೆ 20 ಲಕ್ಷ), ಆದರೆ ರಾಜ್ಯದ ಗಡಿ ದಾಟಿಸಿ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಆನ್‌ಲೈನ್ ಮಾರುಕಟ್ಟೆಗಳ ಮೂಲಕ ನೋಂದಣಿಯಿಲ್ಲದ ಸಣ್ಣವರು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ಸಿಕ್ಕಿದೆ. ಅದೂ ಸ್ವಂತ ರಾಜ್ಯದೊಳಗೆ ಮಾತ್ರ. ಪ್ರಧಾನವಾಗಿ ಕೈಯಿಂದಲೇ ತಯಾರಾದ, ಸರಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಅಂತರರಾಜ್ಯ ಮಾರಾಟದಲ್ಲೂ ವಿನಾಯಿತಿಯಿದೆ. ಆದರೆ ಪ್ಯಾನ್ ಬೇಕು, ಸರಕಿನ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪತ್ರ) ಬೇಕು. ಯಂತ್ರದಲ್ಲಿ ಅಚ್ಚಾದ ಪೋಸ್ಟ್‌ಕಾರ್ಡು, ಮಗ್, ಟೀಶರ್ಟುಗಳನ್ನು ಕರಕುಶಲ ಎಂದುಕೊಂಡು ಮಾರಬೇಡಿ.

ಮೊದಲ ವರ್ಷಕ್ಕೆ ನಮ್ಮ ಸಲಹೆ ಇದು: ಮಂಗಳೂರು, ಪುತ್ತೂರಿನ ಗಿರಾಕಿಗೆ ಡಿಸೈನ್ ಶುಲ್ಕ ಮಾತ್ರ ಬಿಲ್ ಮಾಡಿ. ಮುದ್ರಣದ ಹಣವನ್ನು ಅವರು ಪ್ರೆಸ್ಸಿಗೇ ನೇರ ಕೊಡಲಿ, ಪ್ರೆಸ್ಸಿನ ಬಿಲ್ ಅವರ ಹೆಸರಿಗೇ ಆಗಲಿ. ವಸ್ತುಗಳನ್ನು ಕೇರಳದೊಳಗೆ ಮಾರಿ. ಗಡಿಯಾಚೆಯ ಬೇಡಿಕೆ ಗಟ್ಟಿಯಾದಾಗ ನೋಂದಣಿ ಮಾಡಿಸಿ. ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿಯಾದ ಕಾಂಪೊಸಿಷನ್ ಯೋಜನೆ ಆಯ್ದುಕೊಂಡರೆ ಹೊರರಾಜ್ಯಕ್ಕೆ ಮಾರುವಂತಿಲ್ಲ, ಹಾಗಾಗಿ ಸಾಮಾನ್ಯ ನೋಂದಣಿಯೇ ಬೇಕು. ಆಮೇಲೆ ಮಂಗಳೂರಿನಿಂದ ಕಾಗದ ತರಿಸುವಾಗ ಬಿಲ್ಲಿನಲ್ಲಿ 32ರಿಂದ ಶುರುವಾಗುವ ನಿಮ್ಮ ಜಿಎಸ್‌ಟಿ ಸಂಖ್ಯೆ ಮತ್ತು ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) ಇರಬೇಕು. ಕರ್ನಾಟಕದ ಎಸ್‌ಜಿಎಸ್‌ಟಿ (ರಾಜ್ಯ ಜಿಎಸ್‌ಟಿ) ಹಾಕಿಸಿಕೊಂಡರೆ ಆ ಕ್ರೆಡಿಟ್, ಅಂದರೆ ಕೊಟ್ಟ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆಯುವ ಅವಕಾಶ, ನಿಮಗೆ ಸಿಗುವುದಿಲ್ಲ.

ಹಳೆಯ ಅಂಗಡಿಗೆ ಜಿಎಸ್‌ಟಿ ಇದ್ದವರು ಅದರ ಸ್ಥಿತಿಯನ್ನು ಮೊದಲು ನೋಡಿ. ವ್ಯಾಪಾರ ಶೂನ್ಯವಾಗಿದ್ದರೂ ರಿಟರ್ನ್ ಹಾಕದಿದ್ದರೆ ದಿನದ ಲೆಕ್ಕದಲ್ಲಿ ತಡಶುಲ್ಕ ಬೀಳುತ್ತದೆ. ರದ್ದಾಗಿದ್ದರೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಜಿಎಸ್‌ಟಿಆರ್-10 ಹೋಗಿರಬೇಕು. ಈ ಕಡತ ಚೊಕ್ಕ ಮಾಡದೆ ಹೊಸತಕ್ಕೆ ಅರ್ಜಿ ಹಾಕಬೇಡಿ.

ಉಳಿದ ಕಾಗದಪತ್ರ ಹೆಚ್ಚಿಲ್ಲ. ಪೇಟೆಯಲ್ಲಿ ಕೋಣೆ ಹಿಡಿದರೆ ಪಂಚಾಯತು ಅಥವಾ ನಗರಸಭೆಯ ಲೈಸೆನ್ಸು ವಿಚಾರಿಸಿ. ವೃತ್ತಿ ತೆರಿಗೆಯನ್ನೂ ಅರ್ಧವರ್ಷಕ್ಕೊಮ್ಮೆ ಅವರೇ ವಸೂಲು ಮಾಡುತ್ತಾರೆ. ಅರ್ಜಿ ತುಂಬಲು ಅಕ್ಷಯ ಕೇಂದ್ರ ಹತ್ತಿರವೇ ಇರುತ್ತದೆ. ಸಾಲ ಬೇಕೇಬೇಕಾದರೆ ಕೇಂದ್ರದ ಮುದ್ರಾ ಸಾಲ ಯೋಜನೆಯ ಶಿಶು ವರ್ಗದಲ್ಲಿ 50,000ದವರೆಗೆ ಇದೆ. ಅದಕ್ಕಿಂತ ಮೇಲಿನದು ಮೊದಲ ವರ್ಷ ಬೇಡ. ಹೆಸರು, ಲೋಗೊ, ವಿಸಿಟಿಂಗ್ ಕಾರ್ಡಿಗೆ ಒಂದು ದಿನಕ್ಕಿಂತ ಹೆಚ್ಚು ಕೊಡಬೇಡಿ.

7. ಹೊಸ ಷರತ್ತುಗಳು

ಒಂದು ಪುಟದ ಕೊಟೇಶನ್ ಸಾಕು, ಆದರೆ ಅದಿಲ್ಲದೆ ಕಂಪ್ಯೂಟರ್ ಮುಟ್ಟಬಾರದು. ಅದರಲ್ಲಿ ಇರಬೇಕಾದ್ದು:

- ಏನು ಮಾಡಿಕೊಡುತ್ತೀರಿ, ಎಷ್ಟು ಪುಟ, ಯಾವ ಅಳತೆ.
- 50% ಮುಂಗಡ. ಉಳಿದದ್ದು ಮುದ್ರಣದ ಫೈಲು ಕೈಗಿಡುವ ಮೊದಲು.
- ತಿದ್ದುಪಡಿ ಎರಡು ಸುತ್ತು. ಮೂರನೆಯದರಿಂದ ಗಂಟೆಗೆ 500.
- ಮಾತಾಡುವವರು ಒಬ್ಬರೇ.
- ಎರಡು ದಿನದೊಳಗಿನ ತುರ್ತಿಗೆ 30% ಹೆಚ್ಚು.
- ಸಂದೇಶಕ್ಕೆ ಉತ್ತರ ಬೆಳಗ್ಗೆ 10ರಿಂದ ಸಂಜೆ 6ರವರೆಗೆ.

ನಾಲ್ಕನೆಯ ಸಾಲು ಅತಿಮುಖ್ಯ. ಮದುವೆ ಪತ್ರಿಕೆಯ ಕರಡನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ ಕೂಡಲೇ ಸೋದರಮಾವ ಒಂದು ಹೇಳುತ್ತಾರೆ, ದೊಡ್ಡಪ್ಪ ಇನ್ನೊಂದು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಎಂಬುದು ಇತ್ಯರ್ಥವಾಗಲು ವಾರ ಹಿಡಿಯುತ್ತದೆ. ಹೆಸರುಗಳ ಅನುಕ್ರಮವನ್ನು ಮನೆಯವರೇ ತೀರ್ಮಾನಿಸಿ, ಟೈಪ್ ಮಾಡಿ, ಒಬ್ಬರೇ ಕಳಿಸಬೇಕು. ಅಂತಿಮ ಕರಡಿಗೆ ಅವರಿಂದ ‘ಮುದ್ರಣಕ್ಕೆ ಒಪ್ಪಿಗೆ’ ಎಂಬ ಸಂದೇಶ ಬರಲಿ. ಅದರ ನಂತರ ಕಂಡ ತಪ್ಪಿಗೆ ಮರುಮುದ್ರಣದ ಖರ್ಚು ಅವರದ್ದು ಎಂದು ಕೊಟೇಶನ್ನಿನಲ್ಲೇ ಬರೆದಿಡಿ.

ನೆಂಟರ ಕೆಲಸಕ್ಕೂ ಬಿಲ್ ಮಾಡಿ. ವರ್ಷಕ್ಕೆ ಎರಡು ಕೆಲಸ ಪ್ರೀತಿಯಿಂದ ಪುಕ್ಕಟೆ ಮಾಡಿಕೊಡಬಹುದು. ಆಗಲೂ ಬಿಲ್ಲಿನಲ್ಲಿ 4,500 ಬರೆದು, ಕೆಳಗೆ ‘ಉಡುಗೊರೆ’ ಎಂದು ಕಳೆದು, ಸೊನ್ನೆ ತೋರಿಸಿ. ದರ ಎಷ್ಟೆಂದು ಕುಟುಂಬಕ್ಕೆ ತಿಳಿಯುವುದು ಹೀಗೆಯೇ.

8. ಮೊದಲ 90 ದಿನ

ಮೊದಲ ಎರಡು ವಾರ ಹೊಸ ಕೆಲಸ ಬೇಡ. ನಿದ್ದೆ ಸರಿಹೋಗಲಿ, ಏಜೆನ್ಸಿಗಳ ಹಳೆಯ ವಾಟ್ಸಾಪ್ ಗುಂಪುಗಳಿಂದ ಹೊರಬನ್ನಿ, ವ್ಯಾಪಾರಕ್ಕೆ ಬೇರೆ ಸಿಮ್ ಹಾಕಿ ಸಂಜೆ ಆರಕ್ಕೆ ಆರಿಸುವ ಅಭ್ಯಾಸ ಮಾಡಿ. ಮೂರನೇ ವಾರ ಹಳೆಯ ಅಂಗಡಿಯ ಗಿರಾಕಿಗಳಲ್ಲಿ ಇಪ್ಪತ್ತು ಮಂದಿಗೆ ಒಬ್ಬೊಬ್ಬರಿಗೇ ಫೋನು ಮಾಡಿ. ಸಾಮೂಹಿಕ ಸಂದೇಶಕ್ಕಿಂತ ಇದರಿಂದ ಹೆಚ್ಚು ಕೆಲಸ ಬರುತ್ತದೆ. ಪ್ರೆಸ್ಸು, ಫೋಟೊ ಸ್ಟುಡಿಯೊ, ಸಭಾಭವನದವರಿಗೆ ಮಾದರಿ ಪುಸ್ತಕ ಕೊಟ್ಟುಬನ್ನಿ. ಸೋಷಿಯಲ್ ಮೀಡಿಯಾಕ್ಕೆ ವಾರಕ್ಕೆ ಎರಡು ಚಿತ್ರ ಧಾರಾಳ.

ಪ್ರತಿ ತಿಂಗಳ ಕೊನೆಗೆ ಮೂರು ಅಂಕೆ ಬರೆಯಿರಿ: ಬಿಲ್ ಆದ ಗಂಟೆ, ಬಿಲ್ ಕೊಟ್ಟು ಹಣ ಬರಲು ಹಿಡಿದ ದಿನ, ಅತಿ ದೊಡ್ಡ ಗಿರಾಕಿಯ ಪಾಲು. ಮೂರನೇ ತಿಂಗಳಿಗೆ 60 ಗಂಟೆ ಮುಟ್ಟದಿದ್ದರೆ ದರ ಇಳಿಸಬೇಡಿ, ಉಳಿಸಿಕೊಂಡ ಒಬ್ಬ ಕ್ಲೈಂಟಿನ 40 ಗಂಟೆಯನ್ನು ಇನ್ನೂ ಮೂರು ತಿಂಗಳು ಮುಂದುವರಿಸಿ. ಹಣ ಬರಲು 15 ದಿನ ದಾಟುತ್ತಿದ್ದರೆ ನೀವು ಫೈಲನ್ನು ಮೊದಲೇ ಕೊಡುತ್ತಿದ್ದೀರಿ ಎಂದರ್ಥ. ಒಬ್ಬರ ಪಾಲು 40% ಮೀರಿದರೆ ಅವರ ಮುಂದಿನ ಕೆಲಸ ಒಪ್ಪಿಕೊಳ್ಳುವ ಮೊದಲು ಇನ್ನಿಬ್ಬರು ಗಿರಾಕಿಗಳನ್ನು ಹುಡುಕಿ.